ಟಿಸಿ ಸುಟ್ಟಿತು ಅಂತ ಲೈನ್‌ಮ್ಯಾನ್‌ನ ಬೈಯೋ ಮುಂಚೆ ನಮ್ಮ ಸ್ಟಾರ್ಟರ್ ಡಬ್ಬಿ ತೆಗೆದು ನೋಡೋಣ

ಹೋದ ಬೇಸಿಗೆಯಲ್ಲಿ ನಮ್ಮ ಟಿಸಿ ಸುಟ್ಟು 8 ದಿನ ಬೋರ್ ನಿಂತಿದ್ದು ನಮ್ಮ ಸುತ್ತಮುತ್ತಲಿನವರಿಗೆ ಗೊತ್ತೇ ಇದೆ. ನನ್ನ ಮನೆಯಲ್ಲಿ ಆಗ 200 ಮೊಟ್ಟೆ ಹುಳ ಇತ್ತು. ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು. ಹುಳ ಸಾಕಿದವರಿಗೆ ಹೇಳಬೇಕಾಗಿಲ್ಲ, ಒಂದು ಬೆಳೆಗೆ ಹಾಕೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ಹಂತದಲ್ಲೇ ತಿನ್ನುತ್ತೆ. ತೋಟ ಬಾಡಿತು. ಸೊಪ್ಪು ಹೊರಗಿಂದ ಮೂಟೆ ಲೆಕ್ಕದಲ್ಲಿ ತಂದೆ. ಗೂಡು ತೆಳ್ಳಗೆ ಬಂತು, ಶಿಡ್ಲಘಟ್ಟ ಮಾರ್ಕೆಟ್ಟಿನಲ್ಲಿ ಕೈಯಲ್ಲಿ ಹಿಡಿದು ಒತ್ತಿ ನೋಡಿದವರೆಲ್ಲ ಮುಂದಕ್ಕೆ ಹೋದರು. ಪಕ್ಕದ ತೋಟದವರ ಟೊಮೇಟೊ ಆಗ ತಾನೇ ಕಾಯಿ ಕಚ್ಚಿತ್ತು. ಅವರ ಕತೆ ಅವರೇ ಹೇಳಲಿ.

ಎಂಟು ದಿನವೂ ನಾವು ಮಾಡಿದ್ದು ಒಂದೇ ಕೆಲಸ, ಲೈನ್‌ಮ್ಯಾನ್‌ನ ಬೈಯೋದು. ಟಿಸಿ ಬೇಗ ತರಿಸಲಿಲ್ಲ ಅನ್ನೋದಕ್ಕೆ ಬೈದಿದ್ದರೆ ಸರಿ, ಅದನ್ನ ನಾನು ಈಗಲೂ ಬೈತೀನಿ. ಆದರೆ ಟಿಸಿ ಯಾಕೆ ಸುಟ್ಟಿತು ಅನ್ನೋದಕ್ಕೆ ಬೈದಿದ್ದು ತಪ್ಪು. ಅದನ್ನ ಸುಟ್ಟವರು ನಾವು ಎಂಟು ಜನ. ಈ ಮಾತು ಕೆಲವರಿಗೆ ಕೋಪ ತರಿಸುತ್ತೆ, ಗೊತ್ತು. ಪೂರ್ತಿ ಓದಿ ಆಮೇಲೆ ಬೈಯಿರಿ.

ನನಗೆ ಇದು ತಿಳಿದದ್ದು ಮಗಳಿಂದ. ಸೆಕೆಂಡ್ ಪಿಯುಸಿ ಸೈನ್ಸ್ ಓದ್ತಾ ಇದ್ದಾಳೆ. ಆ ವಾರ ಕರೆಂಟಿಲ್ಲದೆ ಜಗಲಿ ಮೇಲೆ ಕೂತು ಫಿಸಿಕ್ಸ್ ಓದ್ತಾ ಇದ್ಲು. ಆರನೇ ಪಾಠ ವಿದ್ಯುತ್ಕಾಂತೀಯ ಪ್ರೇರಣೆ, ಏಳನೇ ಪಾಠ ಪರ್ಯಾಯ ವಿದ್ಯುತ್. "ಅಪ್ಪಾ, ನಮ್ ಟಿಸಿ ಈ ಪುಸ್ತಕದಲ್ಲಿದೆ" ಅಂದಳು. ನಾನು ನಕ್ಕೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನು, ಫ್ಯಾರಡೆ ಅನ್ನೋ ಹೆಸರು ಮಾತ್ರ ನೆನಪಿತ್ತು. ಆಮೇಲೆ ನಾಲ್ಕು ದಿನ ಇಬ್ಬರೂ ಅದೇ ಹಿಡಿದು ಕೂತೆವು. ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಫಿಸಿಕ್ಸ್ ಮೇಷ್ಟ್ರಾಗಿದ್ದವರು. ಯಾಕೆ, ಹೇಗೆ ಅಂತ ಕೇಳೋದನ್ನೇ ಜೀವನಪೂರ್ತಿ ಹೇಳಿಕೊಟ್ಟರು. ನಾವು ಸಾವಿರದ ಇನ್ನೂರು ಅಡಿ ಕೆಳಗೆ ಇಳಿಸಿರೋ ಮೋಟರ್ ಹೇಗೆ ತಿರುಗುತ್ತೆ ಅಂತ ಒಂದು ದಿನವೂ ಕೇಳಿಲ್ಲ.

ಹೇಗೆ ಅಂತ ನೋಡಿ. ಮೋಟರ್ ರಿವೈಂಡಿಂಗ್‌ಗೆ ಕೊಟ್ಟಾಗ ಬಿಚ್ಚಿದ್ದನ್ನ ನೀವೂ ನೋಡಿರ್ತೀರಿ. ಹೊರಗಿನ ಭಾಗಕ್ಕೆ ವೈಂಡಿಂಗ್ ಇರುತ್ತೆ, ಅದಕ್ಕೆ ಕೇಬಲ್ ಸೇರುತ್ತೆ. ಒಳಗೆ ತಿರುಗೋ ರೋಟರ್‌ಗೆ ಒಂದು ವೈರೂ ಹೋಗಲ್ಲ. ಅದರಲ್ಲಿ ಅಯಸ್ಕಾಂತವೂ ಇಲ್ಲ, ಬರೀ ಲೋಹದ ಕಡ್ಡಿಗಳು. ಹಾಗಾದ್ರೆ ಅದಕ್ಕೆ ಕರೆಂಟು ಎಲ್ಲಿಂದ? 1831ರಲ್ಲಿ ಫ್ಯಾರಡೆ ಕಂಡಿದ್ದು ಇದೇ. ಅಯಸ್ಕಾಂತ ಸುಮ್ಮನೆ ಇದ್ದರೆ ಪಕ್ಕದ ತಾಮ್ರದಲ್ಲಿ ಏನೂ ಆಗಲ್ಲ, ಅದರ ಬಲ ಬದಲಾಗ್ತಾ ಇದ್ದರೆ ಮುಟ್ಟದೇನೇ ತಾಮ್ರದಲ್ಲಿ ಕರೆಂಟು ಹುಟ್ಟುತ್ತೆ. ಹಳೇ ಸೈಕಲ್ ಡೈನಮೋ ಅದೇ. ಮೂರು ಫೇಸ್ ಕರೆಂಟು ಹೊರಗಿನ ವೈಂಡಿಂಗ್‌ನಲ್ಲಿ ಒಂದರ ಹಿಂದೆ ಒಂದು ಏರಿಳಿಯೋದರಿಂದ ನಮ್ಮ ಬೋರ್ ಮೋಟರಲ್ಲಿ ಅಯಸ್ಕಾಂತ ಶಕ್ತಿ ನಿಮಿಷಕ್ಕೆ 3000 ಸುತ್ತು ಸುತ್ತುತ್ತೆ. ಅದು ರೋಟರ್‌ನಲ್ಲಿ ಕರೆಂಟು ಹುಟ್ಟಿಸಿ ಜೊತೆಗೆ ಎಳೆದುಕೊಂಡು ಹೋಗುತ್ತೆ. ರೋಟರ್ ಯಾವತ್ತೂ 3000 ಮುಟ್ಟಲ್ಲ, ಒಂದಿಷ್ಟು ಹಿಂದೇನೇ ಇರುತ್ತೆ, 2850ರ ಆಸುಪಾಸು. ಸಮ ಆದರೆ ಬದಲಾವಣೆ ನಿಂತು ಕರೆಂಟೂ ನಿಂತು ಹೋಗುತ್ತೆ. ಟಿಸಿ ಕೂಡ ಇದೇ ಜಾತಿ, ತಿರುಗೋ ಭಾಗ ಇಲ್ಲ ಅಷ್ಟೆ. 11 ಕೆವಿ ಸುರುಳಿಗೂ ನಮ್ಮ ಕಡೆ ಸುರುಳಿಗೂ ವೈರ್ ಸಂಬಂಧ ಇಲ್ಲ, ನಡುವೆ ಇರೋದು ಏರಿಳಿಯೋ ಅಯಸ್ಕಾಂತ ಶಕ್ತಿ ಮಾತ್ರ. ಬ್ಯಾಟರಿ ಕರೆಂಟು ಕೊಟ್ಟರೆ ಟಿಸಿ ಆ ಕಡೆ ಏನೂ ಕೊಡಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೆಜಿಎಫ್ ಗಣಿಗೆ ಕರೆಂಟು ಎಳೆದಾಗ ಅದಕ್ಕೇ ಪರ್ಯಾಯ ವಿದ್ಯುತ್ತನ್ನೇ ಎಳೆದಿದ್ದು, ಹೆಚ್ಚು ವೋಲ್ಟಿಗೆ ಏರಿಸಿ ಕಳಿಸಿ ಅಲ್ಲಿ ಇಳಿಸಬಹುದು ಅಂತ. ಆಗ ಸೆಕೆಂಡಿಗೆ 25 ಸಲ ಬದಲಾಗ್ತಿತ್ತು, ಈಗ 50 ಸಲ. ನಮ್ಮ ತಾಲ್ಲೂಕುಗಳೆಲ್ಲ ಆಗ ಕೋಲಾರ ಜಿಲ್ಲೆಯಲ್ಲೇ ಇದ್ದವು, ನಾವು ಬೇರೆ ಆಗಿದ್ದು 2007ರಲ್ಲಿ ತಾನೆ.

ಈಗ ಸುಟ್ಟ ವಿಷಯಕ್ಕೆ ಬರ್ತೀನಿ.

ಮೋಟರ್ ನಿಂತಿರುವಾಗ ರೋಟರ್ ಅಲ್ಲಾಡ್ತಾ ಇರಲ್ಲ, ಅಯಸ್ಕಾಂತ ಶಕ್ತಿ ಮಾತ್ರ 3000ದಲ್ಲಿ ಸುತ್ತುತ್ತೆ. ವ್ಯತ್ಯಾಸ ಪೂರ್ತಿ ಇರೋದರಿಂದ ರೋಟರ್‌ನಲ್ಲಿ ಹುಟ್ಟೋ ಕರೆಂಟು ಭಯಂಕರ, ಅದಕ್ಕೆ ತಕ್ಕಂತೆ ಲೈನಿಂದ ಎಳೆಯೋದೂ ಭಯಂಕರ. ಡಿಒಎಲ್ ಸ್ಟಾರ್ಟರ್ ಆದರೆ ಓಡುವಾಗಿನ ಐದಾರು ಪಟ್ಟು. 10 ಎಚ್‌ಪಿ ಮೋಟರ್ ಓಡುವಾಗ 18, 19 ಆಂಪ್ಸ್ ತಗೊಂಡರೆ ಎದ್ದೇಳೋ ಹೊತ್ತಿಗೆ 100 ದಾಟುತ್ತೆ. ಸ್ಟಾರ್-ಡೆಲ್ಟಾ ಹಾಕಿದ್ದರೆ ಆ ಮೊದಲ ಏಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ನಮ್ಮ 100 ಕೆವಿಎ ಟಿಸಿ ಕೊಡಬಲ್ಲದ್ದು ಒಂದು ಫೇಸಿಗೆ 133 ಆಂಪ್ಸ್. ತ್ರೀ ಫೇಸ್ ಬಂತು ಅಂದ ಕ್ಷಣಕ್ಕೆ ಎಂಟೂ ಮೋಟರು ಆಟೋ ಸ್ಟಾರ್ಟರಲ್ಲಿ ಒಟ್ಟಿಗೆ ಏಳುತ್ತವೆ. ಎಂಟು ನೂರು ಆಂಪ್ಸ್ ಕೇಳಿದ ಹಾಗೆ! ವೋಲ್ಟೇಜ್ ಕುಸಿಯುತ್ತೆ. ವೋಲ್ಟೇಜ್ ಕುಸಿದರೆ ಮೋಟರಿನ ತಿರುಗೋ ಬಲ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 415 ಇರಬೇಕಾದ ಕಡೆ 300 ಇದ್ದರೆ ಬಲ ಅರ್ಧಕ್ಕೆ ಬಂತು. ಆಗ ಮೋಟರ್ ಏಳೋಕಾಗದೆ ಗೊಂಯ್ ಅಂತ ನರಳುತ್ತೆ, ನರಳಿದಷ್ಟೂ ಹೊತ್ತು ಆ ಭಯಂಕರ ಕರೆಂಟು ಎಳೀತಾನೇ ಇರುತ್ತೆ. ಮೇಲೆ ಟಿಸಿ ಕಾಯುತ್ತೆ, ಕೆಳಗೆ ವೈಂಡಿಂಗ್ ಕಾಯುತ್ತೆ.

ಇದಕ್ಕೆ ಮದ್ದು ಸುಲಭ. ಪ್ಯಾನಲ್ಲಿಗೆ ಒಂದು ಟೈಮರ್ ಹಾಕಿಸಿ, ಕರೆಂಟು ಬಂದ ಎಷ್ಟು ಹೊತ್ತಿನ ಮೇಲೆ ಏಳಬೇಕು ಅಂತ ಇಟ್ಟರೆ ಆಯ್ತು. ನಾವು ಈಗ ಒಂದು ನಿಮಿಷ, ಎರಡು ನಿಮಿಷ, ಮೂರು ನಿಮಿಷ ಅಂತ ಎಂಟು ಜನಕ್ಕೂ ಹಂಚಿಕೊಂಡಿದ್ದೀವಿ. 7 ಗಂಟೆ ಕರೆಂಟಲ್ಲಿ 8 ನಿಮಿಷ ಹೋದರೆ ಯಾರ ತೋಟವೂ ಒಣಗಲ್ಲ. ತೆಲಂಗಾಣದಲ್ಲಿ 2018ರಲ್ಲಿ ರೈತರಿಗೆ 24 ಗಂಟೆ ಕರೆಂಟು ಕೊಟ್ಟಾಗ ಆಟೋ ಸ್ಟಾರ್ಟರನ್ನೇ ತೆಗೀರಿ ಅಂತ ಹಿಂದೆ ಬಿದ್ದಿದ್ದರು. ಅಲ್ಲಿ ಅಂತರ್ಜಲದ ಚಿಂತೆಯೂ ಇತ್ತು. ನಮಗೆ ರಾತ್ರಿ ಎರಡು ಗಂಟೆಗೆ ಪಾಳಿ ಬಂದರೆ ಎದ್ದು ಹೋಗೋರು ಯಾರು, ಹಾವು ಇರುತ್ತೆ, ಚೇಳು ಇರುತ್ತೆ. ಹಾಗಾಗಿ ಆಟೋ ಇರಲಿ, ಟೈಮರೂ ಇರಲಿ ಅನ್ನೋದು ನನ್ನ ಮಾತು.

ಟೈಮರ್ ವಿಷಯ ಎಲ್ಲರೂ ಒಪ್ಪಿದರು. ಜಗಳ ಆಗಿದ್ದು ಕಂಡೆನ್ಸರ್‌ಗೆ.

ಮೊದಲೇ ಹೇಳಿಬಿಡ್ತೀನಿ, ಎರಡು ಫೇಸ್‌ನಲ್ಲಿ ಮೋಟರ್ ಓಡಿಸೋಕೆ ಕೆಲವರು ಹಾಕ್ಕೋತಾರಲ್ಲ, ಆ ಕಂಡೆನ್ಸರ್ ಅಲ್ಲ ಇದು. ಅದು ಇಲ್ಲದ ಮೂರನೇ ಫೇಸನ್ನು ಹೇಗೋ ಸೃಷ್ಟಿ ಮಾಡೋ ಕೆಲಸ, ಮೂರೂ ವೈಂಡಿಂಗಿಗೆ ಸಮ ಕರೆಂಟು ಹೋಗಲ್ಲ, ಮೋಟರಿಗೂ ಟಿಸಿಗೂ ಹೊಡೆತ. ನಾನು ಹೇಳ್ತಿರೋದು ಮೂರು ಫೇಸಿಗೂ ಸೇರಿಸೋ ಕಂಡೆನ್ಸರ್, ಕೆವಿಎಆರ್ ಲೆಕ್ಕದಲ್ಲಿ ಸಿಗೋದು.

ಮೋಟರಿನ ವೈಂಡಿಂಗ್ ಅಂದರೆ ಕಬ್ಬಿಣಕ್ಕೆ ಸುತ್ತಿದ ಸುರುಳಿ. ಪುಸ್ತಕದಲ್ಲಿ ಇದನ್ನ ಇಂಡಕ್ಟರ್ ಅಂತಾರೆ. ಅದರ ಗುಣ ಏನಪ್ಪಾ ಅಂದರೆ ಕರೆಂಟು ಬದಲಾಗೋಕೆ ಅಡ್ಡ ನಿಲ್ಲೋದು. ಏರ್ತಾ ಇದ್ದರೆ ತಡೆಯುತ್ತೆ, ಇಳೀತಾ ಇದ್ದರೆ ಇಳಿಯೋಕೆ ಬಿಡಲ್ಲ. ಓಡ್ತಿರೋ ಮೋಟರಿನ ಮೈನ್ ಸ್ವಿಚ್ ಎಳೆದಾಗ ಚಟ್ ಅಂತ ನೀಲಿ ಕಿಡಿ ಹಾರುತ್ತಲ್ಲ, ಕರೆಂಟನ್ನ ಬಿಡಲ್ಲ ಅಂತ ಹಠ ಮಾಡೋದು ಈ ಸುರುಳಿಯೇ. ಈ ಹಠದಿಂದ ಕರೆಂಟು ವೋಲ್ಟೇಜ್‌ಗಿಂತ ಹಿಂದೆ ಬೀಳುತ್ತೆ.

ರೋಟರ್‌ನಲ್ಲಿ ಅಯಸ್ಕಾಂತ ಇಲ್ಲ ಅಂದೆನಲ್ಲ, ಆ ಅಯಸ್ಕಾಂತ ಶಕ್ತಿಯನ್ನ ಪ್ರತಿ ಸಲವೂ ಲೈನಿಂದ ಕರೆಂಟು ತಗೊಂಡೇ ಕಟ್ಟಬೇಕು. ಒಂದೊಂದು ವೈಂಡಿಂಗೂ ಸೆಕೆಂಡಿಗೆ 100 ಸಲ ಲೈನಿಂದ ಶಕ್ತಿ ಸಾಲ ತಗೊಂಡು ಅಯಸ್ಕಾಂತ ಕಟ್ಟುತ್ತೆ, 100 ಸಲ ವಾಪಸ್ ಕೊಡುತ್ತೆ. ನೀರು ಎತ್ತೋಕೆ ಈ ಸಾಲ ಒಂದು ಹನಿಯೂ ಖರ್ಚಾಗಲ್ಲ. ಆದರೆ ಹೋಗಿ ಬರೋ ದಾರಿ ನಮ್ಮ ಲೈನೇ, ನಮ್ಮ ಟಿಸಿಯೇ. ವೈರು ಕಾಯೋದು ಎಷ್ಟು ಆಂಪ್ಸ್ ಹೋಯ್ತು ಅನ್ನೋದಕ್ಕೆ, ಅದು ಕೆಲಸದ್ದೋ ಸಾಲದ್ದೋ ಅಂತ ವೈರು ಕೇಳಲ್ಲ. ಆಂಪ್ಸ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಕಂಡೆನ್ಸರ್ ಇದಕ್ಕೆ ಸರಿಯಾಗಿ ಉಲ್ಟಾ. ಅದರಲ್ಲಿ ಕರೆಂಟು ವೋಲ್ಟೇಜ್‌ಗಿಂತ ಮುಂದೆ ಓಡುತ್ತೆ. ಮೋಟರ್ ಸಾಲ ಕೇಳೋ ಹೊತ್ತಿಗೆ ಇದು ಕೊಡೋ ಸರದಿ, ಮೋಟರ್ ವಾಪಸ್ ಕೊಡೋ ಹೊತ್ತಿಗೆ ಇದು ತಗೊಳ್ಳೋ ಸರದಿ. ಪ್ರತಿ ಸಲ ಚಿಂತಾಮಣಿಗೆ ಬಸ್ ಹತ್ತಿ ಬ್ಯಾಂಕಿಗೆ ಹೋಗೋ ಬದಲು ಪಕ್ಕದ ಬದುವಿನವನ ಹತ್ರ ಕೈಸಾಲ ತಗೊಂಡ ಹಾಗೆ. ಬಸ್ಸು ಖಾಲಿ ಆಗುತ್ತೆ, ಆ ಜಾಗದಲ್ಲಿ ಕೆಲಸದ ಕರೆಂಟು ಹೋಗುತ್ತೆ.

ನಾನು ನಂಬಲಿಲ್ಲ. ಟಿಸಿ ಬಂದ ಮೇಲೆ ಟಾಂಗ್ ಟೆಸ್ಟರ್ ತಂದು ನೋಡಿದೆವು. ನಮ್ಮಲ್ಲಿ ವೋಲ್ಟೇಜ್ 380, ಮೋಟರ್ 19.5 ಆಂಪ್ಸ್ ತಗೊಳ್ತಿತ್ತು. 4 ಕೆವಿಎಆರ್ ಕಂಡೆನ್ಸರ್ ಹಾಕಿದ ಮೇಲೆ ಕಂಬದಿಂದ ಬರೋ ವೈರಲ್ಲಿ 17. ಮೋಟರಿಗೆ ಇಳಿಯೋ ಕೇಬಲ್‌ನಲ್ಲಿ ಅದೇ 19.5. ಕಂಡೆನ್ಸರಿನ ವೈರಲ್ಲಿ 5ರ ಹತ್ರ. ಹದಿನೇಳಕ್ಕೆ ಐದು ಕೂಡಿದರೆ ಇಪ್ಪತ್ತೆರಡು ಬರಬೇಕು, ಹತ್ತೊಂಬತ್ತೂವರೆ ಹೇಗೆ? ಟೆಸ್ಟರ್ ಕೆಟ್ಟಿದೆ ಅಂದುಕೊಂಡೆ. ಮಗಳು ನಕ್ಕು ನೆಲದ ಮೇಲೆ ಕಡ್ಡಿಯಲ್ಲಿ ತ್ರಿಕೋನ ಬರೆದಳು. ಎರಡೂ ಒಂದೇ ಹೊತ್ತಿಗೆ ಏರಲ್ಲ, ಹಾಗಾಗಿ ಸುಮ್ಮನೆ ಕೂಡೋಕೆ ಬರಲ್ಲ, ಮೂಲೆಮಟ್ಟದ ಲೆಕ್ಕದಲ್ಲಿ ಕೂಡಬೇಕಂತೆ. ಪಾಯ ಹಾಕುವಾಗ ಮೇಸ್ತ್ರಿ ಮೂಲೆ ಮಟ್ಟ ಮಾಡೋಕೆ 3 ಅಡಿ, 4 ಅಡಿ, 5 ಅಡಿ ದಾರ ಹಿಡೀತಾನಲ್ಲ, ನಮ್ಮ ಮೋಟರ್ ಹೆಚ್ಚುಕಮ್ಮಿ ಅದೇ ಲೆಕ್ಕ. 5 ಪಾಲು ಕರೆಂಟು ಲೈನಲ್ಲಿ ಬಂದರೆ ಕೆಲಸದ್ದು 4 ಪಾಲು, ಅಯಸ್ಕಾಂತದ ಸಾಲದ್ದು 3 ಪಾಲು. ನಾಲ್ಕನ್ನ ಐದರಿಂದ ಭಾಗಿಸಿದರೆ 0.8, ಇದನ್ನೇ ಪವರ್ ಫ್ಯಾಕ್ಟರ್ ಅನ್ನೋದು. ಈ ಪದ ನಾನು ಇಪ್ಪತ್ತು ವರ್ಷದಿಂದ ಕೇಳಿದ್ದೆ, ಅರ್ಥ ಆಗಿದ್ದು ಅವತ್ತು. ಅಂದರೆ 19.5ರಲ್ಲಿ ನೀರು ಎತ್ತೋ ಕೆಲಸದ್ದು 15.6 ಆಂಪ್ಸ್, ಸಾಲದ್ದು 11.7. ಕಂಡೆನ್ಸರ್ ಆ ಸಾಲದಲ್ಲಿ ಐದನ್ನ ತಾನೇ ಕೊಟ್ಟಿತು.

19.5ರಿಂದ 17 ಏನು ಮಹಾ ಅಂತ ನೀವು ಕೇಳಬಹುದು. ಲೈನಿನ ಬಿಸಿ ಸುಮಾರು ಕಾಲು ಭಾಗ ಇಳಿಯಿತು. ಎಂಟು ಮೋಟರಿಗೆ ಲೆಕ್ಕ ಹಾಕಿ. 156 ಆಂಪ್ಸ್ ಇದ್ದದ್ದು 136ಕ್ಕೆ ಬರುತ್ತೆ. ಟಿಸಿಯ ಮಿತಿ 133. ಅಂದರೆ ಇಷ್ಟು ದಿನ ಎದ್ದೇಳೋ ಏಟು ಬಿಟ್ಟು ಬರೀ ಓಡುವಾಗಲೂ ಅದರ ತಲೆ ಮೇಲೆ ಹೊರಲಾರದ ಹೊರೆ ಹೊರಿಸಿದ್ದೆವು. ಈಗಲೂ ಅಂಚಿನಲ್ಲೇ ಇದ್ದೀವಿ, ನಿಜ. ಒಬ್ಬಿಬ್ಬರು ಪಾಳಿ ಮೇಲೆ ಓಡಿಸಲೇಬೇಕು.

ಇಲ್ಲಿಗೆ ಜಗಳ ಶುರುವಾಯಿತು. ಪಕ್ಕದ ತೋಟದ ಹಿರಿಯರು ನೇರವಾಗಿ ಕೇಳಿದರು: "ಅಲ್ಲಪ್ಪಾ, ಮೋಟರಿಗೆ ಹೋಗೋ ಕರೆಂಟು ಅಷ್ಟೇ ಇದೆ ಅಂತ ನೀನೇ ಹೇಳ್ತೀಯ. ನನಗೆ ಬಿಲ್ಲೂ ಇಲ್ಲ. ನಾನು ಹಾಕಿದರೆ ಲಾಭ ನಿನಗೆ, ನೀನು ಹಾಕಿದರೆ ಲಾಭ ನನಗೆ. ಹಾಗಿದ್ರೆ ನೀನೇ ಹಾಕು."

ಇದು ಒಳ್ಳೇ ಪ್ರಶ್ನೆ, ನಾನು ಎರಡು ದಿನ ಉತ್ತರ ಇಲ್ಲದೆ ಕೂತೆ. ಒಬ್ಬನೇ ಹಾಕಿದರೆ ಹಾಕಿದವನಿಗೆ ಏನೂ ಕಾಣಲ್ಲ. ನನ್ನದೊಂದೇ ಇದ್ದಾಗ ವೋಲ್ಟ್ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಐದು ಜನ ಹಾಕಿದ ಮೇಲೆ ಎಂಟು, ಹತ್ತು ವೋಲ್ಟ್ ಏರಿತು. ಅದು ಲೈನಿನ ಕೊನೇಲಿರೋ ಆ ಹಿರಿಯರಿಗೇ ಎಲ್ಲರಿಗಿಂತ ಜಾಸ್ತಿ ಕಂಡಿತು, ಅವರು ಹಾಕಿಲ್ಲದೇನೇ! ಇದು ಕೆರೆ ತೂಬಿನ ಹಾಗೆ, ಎಲ್ಲರದ್ದೂ ಅಂತ ಬಿಟ್ಟರೆ ಯಾರದ್ದೂ ಅಲ್ಲ.

ಗೌರಿಬಿದನೂರು ಕೈಗಾರಿಕಾ ಪ್ರದೇಶದಲ್ಲಿ ಹೈ ಟೆನ್ಷನ್ ಸಂಪರ್ಕ ಇರೋ ಕಾರ್ಖಾನೆಗೆ ಹೋಗಿ ನೋಡಿ, ಬೀರುವಿನಷ್ಟು ದೊಡ್ಡ ಕಂಡೆನ್ಸರ್ ಪ್ಯಾನಲ್ ಇಟ್ಟಿರ್ತಾರೆ. ಪವರ್ ಫ್ಯಾಕ್ಟರ್ 0.90ಕ್ಕಿಂತ ಕೆಳಗೆ ಹೋದರೆ ಬಿಲ್ಲಲ್ಲಿ ದಂಡ ಬೀಳುತ್ತೆ. ನಮಗೆ 2008ರಿಂದ 10 ಎಚ್‌ಪಿ ತನಕ ಉಚಿತ. ಉಚಿತ ಬೇಡ ಅಂತ ನಾನು ಹೇಳ್ತಿಲ್ಲ, ಈ ಬರಗಾಲದ ನೆಲದಲ್ಲಿ ಸಾವಿರಾರು ಅಡಿಯಿಂದ ನೀರು ಎತ್ತೋನಿಗೆ ಬಿಲ್ ಹಾಕಿದರೆ ನಾಳೆಯೇ ತೋಟ ಪಾಳು. ಆದರೆ ಉಚಿತ ಅನ್ನೋದರಿಂದ ಅಳೆಯೋರು ಇಲ್ಲ. ಗಡಿ ಆಚೆ ಹಿಂದೂಪುರ, ಮದನಪಲ್ಲಿ ಕಡೆ ಆಂಧ್ರದವರು 2005ರ ಸುಮಾರಿಗೆ ಉಚಿತ ಕರೆಂಟಿನ ಜೊತೆಗೇ ಕಂಡೆನ್ಸರ್, ಐಎಸ್‌ಐ ಮೋಟರ್ ಹಾಕಿಸಬೇಕು ಅನ್ನೋ ಷರತ್ತು ಇಟ್ಟರು. ಕಾಗದದ ಮೇಲೆ ಷರತ್ತು ಇಟ್ಟರೆ ಸಾಲದು ಅನ್ನೋದು ನನ್ನ ಅಭಿಪ್ರಾಯ. ಒಂದು ಟಿಸಿ ಹಾಕುವಾಗಲೇ ಅದರ ಕೆಳಗಿನ ಎಲ್ಲ ಮೋಟರಿಗೂ ಕಂಡೆನ್ಸರ್ ಕೊಟ್ಟು ಕೂರಿಸಿಬಿಟ್ಟರೆ ಇಲಾಖೆಗೂ ಒಂದು ಟಿಸಿ ಉಳಿಯುತ್ತೆ. ಅಲ್ಲಿ ತನಕ ನಾವು ಕಾಯೋದರಲ್ಲಿ ಅರ್ಥ ಇಲ್ಲ. ನನಗೆ ಕಂಡೆನ್ಸರ್ ಬಿದ್ದಿದ್ದು ಎರಡು ಸಾವಿರದೊಳಗೆ. ಮೋಟರ್ ಎತ್ತಿಸೋ ಗಾಡಿಯವರಿಗೆ ಒಂದು ಸಲ ಕೊಡೋದು ಅದಕ್ಕಿಂತ ಎಷ್ಟೋ ಜಾಸ್ತಿ, ವೈಂಡಿಂಗ್ ಖರ್ಚು ಬೇರೆ.

ಇನ್ನೊಂದು ನಮ್ಮ ಕೆಟ್ಟ ಚಾಳಿ. ಲೋ ವೋಲ್ಟೇಜಿಂದ ನೀರು ಕಮ್ಮಿ ಬಂದರೆ 10 ತೆಗೆದು 12.5 ಇಳಿಸ್ತೀವಿ. ದೊಡ್ಡ ಮೋಟರಿಗೆ ಕೆಲಸ ಕಮ್ಮಿ, ಅಯಸ್ಕಾಂತದ ಸಾಲ ಮಾತ್ರ ದೊಡ್ಡದು. ಪವರ್ ಫ್ಯಾಕ್ಟರ್ ಇನ್ನೂ ಕೆಡುತ್ತೆ, ವೋಲ್ಟೇಜ್ ಇನ್ನೂ ಇಳಿಯುತ್ತೆ, ಪಕ್ಕದವನು ಅದನ್ನ ನೋಡಿ 15 ಇಳಿಸ್ತಾನೆ.

ಹಾಕಿಸೋರು ಕೆಲವು ವಿಷಯ ಗಮನಿಸಿ. ಕಂಡೆನ್ಸರ್ ಕಾಂಟ್ಯಾಕ್ಟರ್‌ಗಿಂತ ಕೆಳಗೆ ಇರಬೇಕು, ಮೋಟರ್ ಆಫ್ ಆದರೆ ಅದೂ ಆಫ್ ಆಗಬೇಕು. ಓವರ್‌ಲೋಡ್ ರಿಲೇಗಿಂತ ಮೇಲೆ ಇದ್ದರೆ ರಿಲೇ ಸೆಟ್ಟಿಂಗ್ ಮುಟ್ಟೋದು ಬೇಡ. ರಿಲೇ ಆದ ಮೇಲೆ ಸೇರಿಸಿದರೆ ರಿಲೇಗೆ ಕಾಣೋ ಆಂಪ್ಸ್ ಕಮ್ಮಿ ಆಗುತ್ತೆ, ಅದನ್ನ ಇಳಿಸದಿದ್ದರೆ ಮೋಟರ್ ಸುಡುವಾಗ ಟ್ರಿಪ್ ಆಗಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೇದು ಅಂತ 10 ಎಚ್‌ಪಿಗೆ 8 ಕೆವಿಎಆರ್ ಹಾಕಬೇಡಿ, ಆಫ್ ಮಾಡಿದ ಮೇಲೂ ತಿರುಗ್ತಿರೋ ಮೋಟರ್ ಕಂಡೆನ್ಸರ್ ಜೊತೆ ಸೇರಿ ತಾನೇ ಡೈನಮೋ ಆಗಿ ವೋಲ್ಟೇಜ್ ಏರಿಸಿಬಿಡಬಹುದು. ಮುಖ್ಯವಾಗಿ, ಕರೆಂಟು ಹೋದ ಮೇಲೂ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಫ್ಯೂಸ್ ತೆಗೆದಿದ್ದೀನಿ ಅಂತ ತಕ್ಷಣ ಕೈ ಹಾಕಬೇಡಿ, ಐದು ನಿಮಿಷ ಬಿಟ್ಟು ಟೆಸ್ಟರಲ್ಲಿ ನೋಡಿ ಮುಟ್ಟಿ. ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಟಿಸಿ ಹತ್ತಿರ ಮಾತ್ರ ಯಾರೂ ಹೋಗಬೇಡಿ, ಫ್ಯೂಸಿಗೆ ದಪ್ಪ ತಂತಿ ಕಟ್ಟೋ ಸಾಹಸ ಇನ್ನಾದರೂ ನಿಲ್ಲಲಿ.

ಸಂತೆಯಲ್ಲಿ ಮನೆ ಬಿಲ್ ಅರ್ಧ ಮಾಡುತ್ತೆ ಅಂತ ಪ್ಲಗ್ಗಿಗೆ ಚುಚ್ಚೋ ಪವರ್ ಸೇವರ್ ಡಬ್ಬಿ ಮಾರ್ತಾರಲ್ಲ, ಅದಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಅದರೊಳಗೂ ಸಾಮಾನ್ಯವಾಗಿ ಒಂದು ಪುಟ್ಟ ಕಂಡೆನ್ಸರೇ ಇರೋದು. ಮನೆ ಮೀಟರ್ ಲೆಕ್ಕ ಹಾಕೋದು ಕೆಲಸದ ಯೂನಿಟ್ಟು ಮಾತ್ರ, ಸಾಲದ ಕರೆಂಟಿಗೆ ನಮ್ಮ ಮನೆಗಳಲ್ಲಿ ಬಿಲ್ಲೇ ಇಲ್ಲ, ಉಳಿಯೋದು ಏನು?

ಇವತ್ತಿಗೆ ನಮ್ಮ ಟಿಸಿಯ ಎಂಟರಲ್ಲಿ ಆರು ಜನ ಹಾಕಿದ್ದೀವಿ. ಒಬ್ಬರದ್ದು ಅಗ್ಗದ್ದು ತಂದು ಎರಡೇ ತಿಂಗಳಿಗೆ ಹೊಟ್ಟೆ ಉಬ್ಬಿ ನಿಂತಿದೆ, ಬದಲಾಯಿಸಬೇಕು. ಆ ಹಿರಿಯರು ಇನ್ನೂ ಹಾಕಿಲ್ಲ, ಈ ಹುಳ ಹಣ್ಣಾಗಿ ಗೂಡು ಮಾರಿದ ಮೇಲೆ ನೋಡೋಣ ಅಂದಿದ್ದಾರೆ. ಟಾಂಗ್ ಟೆಸ್ಟರ್ ನನ್ನ ಹತ್ರಾನೇ ಇದೆ. ಭಾನುವಾರ ಬೆಳಗ್ಗೆ ಯಾರ ಟಿಸಿಯವರಾದರೂ ನಾಲ್ಕು ಜನ ಸೇರಿ ಕರೆದರೆ ಬಂದು ಅಳೆದು ಕೊಡ್ತೀನಿ, ಒಬ್ಬರೇ ಕರೆಯಬೇಡಿ. ಮಗಳಿಗೆ ಪರೀಕ್ಷೆ ಇದೆ, ಅವಳು ಬರಲ್ಲ, ತ್ರಿಕೋನ ನಾನೇ ಬರೀತೀನಿ.